63 ಮಕ್ಕಳ ಹೈಸ್ಕೂಲು, ಐದು ತಂಡ: ಒಂದೇ ಆಟ ಹಿಡಿಯೋದಾ, ಎಲ್ಲಾ ಆಡಿಸೋದಾ?

ವಿಜ್ಞಾನದ_ಮಿಸ್ · ಜುಲೈ 6

ನಾನು ಒಂದು ಸಣ್ಣ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎಂಟರಿಂದ ಹತ್ತರವರೆಗೆ ಒಟ್ಟು 63 ಮಕ್ಕಳು. ಹುಡುಗಿಯರು 29, ಹುಡುಗರು 34. ನಮ್ಮ ಪಿಇ ಸರ್ ಮೇ ತಿಂಗಳಲ್ಲಿ ನಿವೃತ್ತರಾದರು. ಹುದ್ದೆ ಇನ್ನೂ ಖಾಲಿ. "ಕಾಲೇಜಲ್ಲಿ ಓಡ್ತಿದ್ರಂತಲ್ಲ ನೀವು" ಅಂತ ಹೆಡ್‌ಮಾಸ್ಟರು ವಿಸಿಲ್ ತಂದು ನನ್ನ ಟೇಬಲ್ ಮೇಲಿಟ್ಟರು. ಕಾಲೇಜಿನಲ್ಲಿ ನಾನು ಓಡಿದ್ದು ಬಸ್ಸಿನ ಹಿಂದೆ.

ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ವಲಯ ಮಟ್ಟಕ್ಕೆ ನಮ್ಮಿಂದ ಐದು ತಂಡ ಹೋಗಿದ್ದವು. ಹುಡುಗಿಯರ ಕಬಡ್ಡಿ, ಖೋಖೋ, ಥ್ರೋಬಾಲ್. ಹುಡುಗರ ಕಬಡ್ಡಿ, ವಾಲಿಬಾಲ್. ಹೆಸರಿಗೆ ಐದು. ಹುಡುಗಿಯರ ಮೂರೂ ತಂಡದಲ್ಲಿ ಇದ್ದದ್ದು ಅದೇ ಒಂಬತ್ತು ಜನ. ಬೆಳಿಗ್ಗೆ ಥ್ರೋಬಾಲ್ ಆಡಿದವರು ಕೈ ಕೊಡವಿಕೊಂಡು ಕಬಡ್ಡಿಗೆ ಇಳಿದರು. ಮಧ್ಯಾಹ್ನ ಕಬಡ್ಡಿ ಸೆಮಿಫೈನಲ್, ಖೋಖೋ ಸೆಮಿಫೈನಲ್ ಎರಡೂ ಒಂದೇ ಹೊತ್ತಿಗೆ ಬಂದವು. ಖೋಖೋದಲ್ಲಿ ವಾಕ್‌ಓವರ್ ಕೊಟ್ಟೆವು. ಕಬಡ್ಡಿಯಲ್ಲಿ ಸುಸ್ತಾಗಿ ಸೋತೆವು. ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಈ ಸಲ ಒಂದೇ ಆಟ ಹಿಡಿದು ಸರಿಯಾಗಿ ಕಲಿಸೋಣ ಅನ್ನಿಸುತ್ತಿದೆ. ಹುಡುಗಿಯರು ಒಪ್ಪುತ್ತಿಲ್ಲ. "ಎಲ್ಲಾ ಆಡ್ತೀವಿ ಮಿಸ್" ಅಂತಾರೆ. ಸಣ್ಣ ಶಾಲೆಯಲ್ಲಿ ತಂಡ ಕಟ್ಟಿ ಗೊತ್ತಿರುವವರು ಯಾರಾದರೂ ಇದ್ದೀರಾ? ಯಾವ ಆಟ, ಎಷ್ಟು ಆಟ? ವಲಯ ಕ್ರೀಡಾಕೂಟಕ್ಕೆ ಐದು ವಾರ ಇದೆ.

ಬೋನಸ್_ಗೆರೆ

ಕಬಡ್ಡಿ. ಚರ್ಚೆ ಮುಗೀತು.

ಕಂಬದ_ಡೈವ್

ಏನು ಮುಗೀತು? ಖೋಖೋ ಬಿಟ್ಟು ಬೇರೆ ಯೋಚನೆಯೇ ಮಾಡಬೇಡಿ ಮಿಸ್.

ಸುಣ್ಣದ_ಗೆರೆ

ನಾನು 28 ವರ್ಷ ಪಿಇ ಮೇಷ್ಟ್ರಾಗಿದ್ದವನು. ಅದರಲ್ಲಿ ಹೆಚ್ಚಿನ ವರ್ಷ 80 ಮಕ್ಕಳೂ ಇಲ್ಲದ ಶಾಲೆಗಳಲ್ಲಿ. ನಿಮ್ಮ ಕಥೆ ಓದಿ ನಗು ಬಂತು, ಯಾಕೆಂದರೆ ಅದು ನನ್ನದೇ ಕಥೆ.

ಮೊದಲು ಲೆಕ್ಕ ಹಾಕಿ. ಕಬಡ್ಡಿಗೆ ಅಂಕಣದಲ್ಲಿ 7, ಹೊರಗೆ 5. ಖೋಖೋಗೆ 9, ಹೊರಗೆ 3. ಥ್ರೋಬಾಲ್‌ಗೆ ಒಳಗೆ 7. ಅಂದರೆ 29 ಹುಡುಗಿಯರಲ್ಲಿ ಖೋಖೋ ಪಟ್ಟಿಗೇ 12 ಹೋಯಿತು. ಉಳಿದ 17ರಲ್ಲಿ ಆಟ ಬೇಡ ಅನ್ನುವವರು, ಮನೆಯಲ್ಲಿ ಕಳಿಸದವರು, ಆರೋಗ್ಯ ಸರಿಯಿಲ್ಲದವರು ಅಂತ ಐದಾರು ಜನ. ಮೂರು ತಂಡ ಮಾಡಿದರೆ ಅದೇ ಒಂಬತ್ತು ಮುಖ ತಿರುಗಿ ತಿರುಗಿ ಬರುತ್ತವೆ. ಅದು ಮೂರು ತಂಡವಲ್ಲ. ಒಂದೇ ತಂಡಕ್ಕೆ ಮೂರು ಬನಿಯನ್ನು.

ಇನ್ನೊಂದು ಮಾತು. ಹತ್ತನೇ ಕ್ಲಾಸಿನವರ ಮೇಲೆ ತಂಡ ಕಟ್ಟಬೇಡಿ. ಮಾರ್ಚ್ ಬಂದರೆ ಅವರು ಹೋದರು, ಜೂನ್‌ಗೆ ನೀವು ಮತ್ತೆ ಸೊನ್ನೆಯಿಂದ ಶುರು. ಎಂಟನೇ ಕ್ಲಾಸಿನವರನ್ನು ಈಗಲೇ ಅಂಕಣಕ್ಕೆ ತನ್ನಿ. ಈ ವರ್ಷ ಸೋಲುತ್ತಾರೆ. ಸೋಲಲಿ.

ವಿಜ್ಞಾನದ_ಮಿಸ್

ಸರ್, ನಮ್ಮಲ್ಲಿ ಎಂಟನೇ ಕ್ಲಾಸಿನಲ್ಲಿ 11 ಹುಡುಗಿಯರು, ಒಂಬತ್ತರಲ್ಲಿ 10, ಹತ್ತರಲ್ಲಿ 8. ಹೋದ ವರ್ಷದ ಒಂಬತ್ತು ಜನರಲ್ಲಿ ಐದು ಜನ ಈಗ ಹತ್ತನೇ ಕ್ಲಾಸು.

ಸುಣ್ಣದ_ಗೆರೆ

ಹಾಗಾದರೆ ನಾನು ಹೇಳಿದ್ದೇ ಸರಿ.

ಬೋನಸ್_ಗೆರೆ

ನಾನು ಸುಮ್ನೆ ಹೇಳಲಿಲ್ಲ ಕಬಡ್ಡಿ ಅಂತ. 9 ಜನ ಹುಡುಕುವುದಕ್ಕಿಂತ 7 ಜನ ಹುಡುಕುವುದು ಸುಲಭ. ಸಾಮಾನು ಬೇಡ. ಸುಣ್ಣ, ಗುದ್ದಲಿ, ಸ್ವಲ್ಪ ಮಣ್ಣು ಸಾಕು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮಕ್ಕಳಿಗೆ ನಿಯಮ ಹೇಳಿಕೊಡುವ ಕೆಲಸವೂ ಇಲ್ಲ. ಟಿವಿ ನೋಡಿ ಅವರೇ ನಮಗೆ ಹೇಳುತ್ತಾರೆ.

ರೈಟ್_ಕಾರ್ನರ್

ಟಿವಿ ನೋಡಿ ಕಲಿತದ್ದೇ ದೊಡ್ಡ ತೊಂದರೆ ಮಾರಾಯ್ರೆ. ನಮ್ಮ ಹುಡುಗರೆಲ್ಲ ರೈಡ್‌ಗೆ ಹೋಗಿ ತೊಡೆ ತಟ್ಟುತ್ತಾರೆ, ಪಾಯಿಂಟ್ ತರುವುದಿಲ್ಲ. ಎದುರು ಐದೇ ಜನ ಇದ್ದಾಗ ಬೋನಸ್ ಗೆರೆ ತುಳಿದು ಕೈ ಎತ್ತುತ್ತಾರೆ. ಬೋನಸ್ ಸಿಗಬೇಕಾದರೆ ಎದುರು ಆರು ಜನರಾದರೂ ಇರಬೇಕು. ಎಷ್ಟು ಸಲ ಹೇಳಿದರೂ ಅಷ್ಟೇ.

ಮಿಸ್, ಒಂದು ಪ್ರಶ್ನೆ. ನಿಮ್ಮ ಮೈದಾನದಲ್ಲಿ ಕಬಡ್ಡಿ ಅಂಕಣ ಒಂದೇ ಇದೆಯಾ?

ವಿಜ್ಞಾನದ_ಮಿಸ್

ಒಂದೇ. ಹುಡುಗರೂ ಹುಡುಗಿಯರೂ ಅದರಲ್ಲೇ ಆಡುತ್ತಾರೆ.

ರೈಟ್_ಕಾರ್ನರ್

ಹಾಗಾದರೆ ಸೋಲಿನ ಅರ್ಧ ಕಾರಣ ಅಲ್ಲೇ ಇದೆ. ಹುಡುಗರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹುಡುಗಿಯರದು 12 ಮತ್ತು 8. ದೊಡ್ಡ ಅಂಕಣದಲ್ಲಿ ಅಭ್ಯಾಸ ಮಾಡಿದ ಕಾರ್ನರ್ ಹುಡುಗಿ ಪಂದ್ಯದ ದಿನ ಗೆರೆ ಎಲ್ಲಿದೆ ಅಂತ ಕಾಲಲ್ಲಿ ಹುಡುಕುತ್ತಾ ನಿಲ್ಲುತ್ತಾಳೆ. ಹಿಂದೆ ಸರಿದರೆ ಔಟ್. ಬಾಕ್ ಲೈನ್, ಅಂದರೆ ರೈಡರ್ ದಾಟಲೇಬೇಕಾದ ಗೆರೆ, ಅದೂ ಬೇರೆ. ಹುಡುಗರಿಗೆ ನಡುಗೆರೆಯಿಂದ 3.75 ಮೀಟರ್, ಹುಡುಗಿಯರಿಗೆ 3. ರೈಡರ್‌ಗೆ ಆ ಮುಕ್ಕಾಲು ಮೀಟರ್ ಅಂದರೆ ಒಂದು ಹೆಜ್ಜೆ.

ವಿಜ್ಞಾನದ_ಮಿಸ್

ಅಯ್ಯೋ. ಇದು ಯಾರೂ ಹೇಳಿರಲಿಲ್ಲ. ನಾಳೆಯೇ ಟೇಪ್ ಹಿಡಿದು ಅಳೆಯುತ್ತೇನೆ.

ಸುಮ್ನೆ_ಓದೋನು

ವಿಜ್ಞಾನದ ಮಿಸ್‌ಗೇ ಅಳತೆ ಪಾಠ ಆಯ್ತು.

ಕಂಬದ_ಡೈವ್

ನಾನು ಯಾಕೆ ಖೋಖೋ ಅಂದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಕಬಡ್ಡಿಯಲ್ಲಿ ಮೈಭಾರ ಕೆಲಸ ಮಾಡುತ್ತದೆ. ತೂಕದ ಮಿತಿ ಇದ್ದರೂ ಸರಿ, ದೊಡ್ಡ ಶಾಲೆಯವರು 300 ಮಕ್ಕಳಲ್ಲಿ ಏಳು ಗಟ್ಟಿ ಹುಡುಗಿಯರನ್ನು ಆರಿಸಿ ತರುತ್ತಾರೆ. ನಿಮಗೆ ಆರಿಸುವ ಭಾಗ್ಯ ಇಲ್ಲ. ಇದ್ದವರೇ ಆಡಬೇಕು. ಖೋಖೋದಲ್ಲಿ ಸಣ್ಣ ಮೈ ಲಾಭ. ಜೊತೆಗೆ ಅದು ಶಿಸ್ತಿನ ಆಟ. ಓಡಿಸುವವಳು ನಡುಗೆರೆ ದಾಟುವ ಹಾಗಿಲ್ಲ. ಒಂದು ದಿಕ್ಕು ಹಿಡಿದರೆ ಕಂಬದವರೆಗೂ ತಿರುಗುವ ಹಾಗಿಲ್ಲ. ಓಡುವವಳಿಗೆ ಇದ್ಯಾವ ಕಟ್ಟೂ ಇಲ್ಲ, ಹೇಗೆ ಬೇಕಾದರೂ ನುಸುಳಬಹುದು. ಹಾಗಾಗಿ ಒಬ್ಬಳೇ ಓಡಿ ಯಾರನ್ನೂ ಹಿಡಿಯಲಾಗದು. ಕೂತ ಎಂಟು ಜನ ಒಂದೇ ಮನಸ್ಸಿನಲ್ಲಿ ಇರಬೇಕು. ಇದನ್ನು ವರ್ಷಗಟ್ಟಲೆ ಒಟ್ಟಿಗೆ ಆಡಿದ ಹನ್ನೆರಡು ಹುಡುಗಿಯರು ಕಲಿಯಬಲ್ಲರು. ಅಂಥವರು ಸಿಗುವುದು ಸಣ್ಣ ಶಾಲೆಯಲ್ಲೇ.

ಟಿ. ನರಸೀಪುರ ತಾಲ್ಲೂಕಿನ ಕುರುಬೂರು ನೋಡಿ. ಒಂದು ಹಳ್ಳಿ. ಅಲ್ಲಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಭಾರತ ತಂಡದಲ್ಲಿ ಆಡಿದರು. ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78–40ರಲ್ಲಿ ಸೋಲಿಸಿದರು. ಹಳ್ಳಿ ಮೈದಾನದಿಂದ ಅಲ್ಲಿಗೆ ದಾರಿ ಇದೆ ಅಂತ ಆಯ್ತಲ್ಲ.

ರೈಟ್_ಕಾರ್ನರ್

ಪ್ರತಿ ಹಳ್ಳಿಯೂ ಕುರುಬೂರು ಆಗಲ್ಲ ಗುರುವೇ. ಒಬ್ಬ ಹಠವಾದಿ ಕೋಚ್ ವರ್ಷಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಮೈದಾನದಲ್ಲಿ ನಿಂತರೆ ಆಗುತ್ತದೆ. ಮಿಸ್‌ಗೆ ಇರುವುದು ಐದು ವಾರ ಮತ್ತು ಒಂದು ವಿಸಿಲ್.

ಕಂಬದ_ಡೈವ್

ಐದು ವಾರದಲ್ಲಿ ವಿಶ್ವಕಪ್ ಗೆಲ್ಲಿ ಅಂತ ಯಾರು ಹೇಳಿದರು? ಖೋ ಸರಿಯಾಗಿ ಕೊಡುವುದು ಕಲಿತರೆ ಸಾಕು. ವಲಯ ಮಟ್ಟದಲ್ಲಿ ಅರ್ಧ ತಂಡಗಳು ಖೋ ಅನ್ನುವ ಮೊದಲೇ ಎದ್ದು ಫೌಲ್ ಮಾಡಿಕೊಳ್ಳುತ್ತವೆ.

ಹತ್ತನೇ_ಕ್ಲಾಸಿನ_ಅಪ್ಪ

ಎಲ್ಲರೂ ಆಟ ಆಟ ಅಂತಿದ್ದೀರಿ. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸಂಜೆ ಸ್ಪೆಷಲ್ ಕ್ಲಾಸ್ ಇರುವ ಹೊತ್ತಿಗೇ ಅಭ್ಯಾಸ. ಮನೆಗೆ ಬಂದು ಪುಸ್ತಕ ಹಿಡಿದರೆ ಅರ್ಧ ಗಂಟೆಗೆ ನಿದ್ದೆ. ಆಟ ಬೇಡ ಅನ್ನುತ್ತಿಲ್ಲ. ಆದರೆ ಫಲಿತಾಂಶ ಕಡಿಮೆ ಬಂದರೆ ಕಾಲೇಜಿನವರು ಕಬಡ್ಡಿ ಕಪ್ ನೋಡಿ ಸೀಟು ಕೊಡುತ್ತಾರಾ?

ಬೋನಸ್_ಗೆರೆ

ಕ್ರೀಡಾ ಕೋಟಾ ಇದೆಯಲ್ಲ ಸರ್. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಇಂಜಿನಿಯರಿಂಗ್ ಸೀಟೇ ಸಿಗುತ್ತದೆ.

ಸುಣ್ಣದ_ಗೆರೆ

ಅಪ್ಪ ಅಮ್ಮಂದಿರಿಗೆ ಹೀಗೆ ಅರ್ಧ ಮಾತು ಹೇಳಬೇಡಿ. ಕ್ರೀಡಾ ಕೋಟಾದಲ್ಲಿ ಬೆಲೆ ಇರುವುದು ರಾಷ್ಟ್ರ ಮಟ್ಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಲ್ಲ ದಾಟಿ ಹೋಗಬೇಕು. ವಲಯ ಮಟ್ಟದ ಸರ್ಟಿಫಿಕೇಟ್ ಫೈಲಿಗೆ ಚೆಂದ, ಸೀಟಿಗೆ ಅಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ರಾಷ್ಟ್ರ ಮಟ್ಟಕ್ಕೆ ಹೋದವಳು ಒಬ್ಬಳೇ.

ಆದರೂ ಆ ತಂದೆಗೆ ಒಂದು ಮಾತು. ನಾನು ಅಭ್ಯಾಸವನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಡುತ್ತಿದ್ದೆ, 45 ನಿಮಿಷ. ಸಂಜೆ ಮುಟ್ಟುತ್ತಿರಲಿಲ್ಲ. ಮಿಸ್, ನೀವೂ ಹಾಗೆ ಮಾಡಿ ನೋಡಿ. ಅರ್ಧ ಜಗಳ ನಿಲ್ಲುತ್ತದೆ.

ಹತ್ತನೇ_ಕ್ಲಾಸಿನ_ಅಪ್ಪ

ಬೆಳಿಗ್ಗೆ ಆದರೆ ಸರಿ. ಆದರೆ ಬಸ್ ಬರುವುದೇ ಪ್ರಾರ್ಥನೆ ಹೊತ್ತಿಗೆ.

ಸುಮ್ನೆ_ಓದೋನು

ಸಮಸ್ಯೆಯ ಬೇರು ಸಿಕ್ಕಿತು: ಬಸ್ಸು.

ರಿಲೇ_ಕೋಲು

ಗುಂಪು ಆಟದ ಮಧ್ಯೆ ಅಥ್ಲೆಟಿಕ್ಸ್ ಯಾರೂ ನೆನೆಸಲೇ ಇಲ್ಲ. ಸಣ್ಣ ಶಾಲೆಗೆ ಅದೇ ಸರಿ ಅಲ್ವಾ? ನಾಲ್ಕು ಹುಡುಗಿಯರು ಸಾಕು, ರಿಲೇ ತಂಡ ಆಯಿತು. 4×100ರಲ್ಲಿ ಓಟಕ್ಕಿಂತ ಕೋಲು ಬದಲಾಯಿಸುವುದೇ ಮುಖ್ಯ. 20 ಮೀಟರ್ ಒಳಗೆ ಕೋಲು ಕೈ ಬದಲಾಗಬೇಕು. ಇದನ್ನು ಅಭ್ಯಾಸ ಮಾಡಿದ ಸಾಧಾರಣ ಓಟಗಾರ್ತಿಯರು ಮಾಡದ ವೇಗದವರನ್ನು ಸೋಲಿಸುತ್ತಾರೆ.

ಸುಣ್ಣದ_ಗೆರೆ

20 ಅಲ್ಲ, 30 ಮೀಟರ್. ಹಳೇ ನಿಯಮದಲ್ಲಿ ಹಿಂದೆ 10 ಮೀಟರ್ ಓಟ ಶುರುಮಾಡಲು, ಆಮೇಲೆ 20 ಬದಲಾವಣೆಗೆ. 2017ರ ಕೊನೆಯಲ್ಲಿ ಎರಡನ್ನೂ ಸೇರಿಸಿದರು. ಈಗ 30 ಮೀಟರ್‌ನಲ್ಲಿ ಎಲ್ಲಿ ಬೇಕಾದರೂ ಬದಲಾಯಿಸಬಹುದು.

ರಿಲೇ_ಕೋಲು

ಓ, ನಾನು ಹಳೇ ಕಾಲದವನು. ನಮ್ಮ ವಲಯದಲ್ಲಿ ಇನ್ನೂ 20ಕ್ಕೇ ಗೆರೆ ಎಳೀತಾರೆ.

ಸುಣ್ಣದ_ಗೆರೆ

ಗೆರೆ ಎಳೆಯುವವರೂ ಹಳೇ ಕಾಲದವರೇ ಇರಬೇಕು.

ಹನ್ನೆರಡನೇ_ಹುಡುಗಿ

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಇದಕ್ಕೆ ಮಾತ್ರ ಬರೆಯಬೇಕು ಅನ್ನಿಸಿತು.

ನಾನು ಓದಿದ್ದು ಇಂಥದೇ ಶಾಲೆ. ಮೂರು ವರ್ಷ ಥ್ರೋಬಾಲ್ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಹನ್ನೆರಡನೆಯದು. ಮೂರು ವರ್ಷವೂ ಗಾಡಿ ಹತ್ತಿದೆ. ಬ್ಯಾಗ್ ಕಾದೆ. ನೀರು ತಂದುಕೊಟ್ಟೆ. ಒಂದೇ ಒಂದು ಪಾಯಿಂಟಿಗೂ ಇಳಿಸಲಿಲ್ಲ. ನಮ್ಮಲ್ಲೂ ಎಂಟು ಒಂಬತ್ತು ಜನ "ಆಟದ ಹುಡುಗಿಯರು" ಅಂತ ಇದ್ದರು. ಅವರು ಕಬಡ್ಡಿ, ಖೋಖೋ, ಥ್ರೋಬಾಲ್, ರಿಲೇ, ಡಿಸ್ಕಸ್ ಎಲ್ಲಾ. ನಾವು ಉಳಿದವರು ಚಪ್ಪಾಳೆ.

ಒಂದೇ ಆಟ ಹಿಡಿದರೆ ಏನಾಗುತ್ತದೆ ಗೊತ್ತಾ ಮಿಸ್? ಆ ಒಂಬತ್ತು ಜನ ಇನ್ನೂ ಚೆನ್ನಾಗಿ ಆಡುತ್ತಾರೆ. ಉಳಿದ 20 ಜನ ಅದೇ ಚಪ್ಪಾಳೆ. ಎಲ್ಲಾ ಆಟ ಆಡಿಸಿದರೂ ಅಷ್ಟೇ, ಅದೇ ಒಂಬತ್ತು. ಆಟ ಎಷ್ಟು ಅಂತ ಆಮೇಲೆ ನೋಡಿ. ಒಬ್ಬ ಹುಡುಗಿ ಒಂದೇ ತಂಡದಲ್ಲಿ ಅಂತ ಮೊದಲು ನಿಯಮ ಮಾಡಿ. ಖೋಖೋಗೆ ಹೋದವರು ಥ್ರೋಬಾಲ್ ಮುಟ್ಟುವ ಹಾಗಿಲ್ಲ. ಆಗ ಇನ್ನೊಂದು ತಂಡ ತಾನಾಗೇ ಹುಟ್ಟುತ್ತದೆ.

ಬೋನಸ್_ಗೆರೆ

ಆ ಇನ್ನೊಂದು ತಂಡ ಹುಟ್ಟುತ್ತದೆ, ಮೊದಲ ಪಂದ್ಯದಲ್ಲೇ ತೀರಿಕೊಳ್ಳುತ್ತದೆ. ಆಡಲು ಬರದವರನ್ನು ಬಲವಂತವಾಗಿ ಇಳಿಸಿ 15–2ರಲ್ಲಿ ಸೋಲಿಸುವುದು ಅವರಿಗೆ ಒಳ್ಳೆಯದಾ?

ಹನ್ನೆರಡನೇ_ಹುಡುಗಿ

ಹೌದು. 15–2ರಲ್ಲಿ ಸೋತರೆ ಆ ಎರಡು ಪಾಯಿಂಟ್ ಯಾರು ತಂದರು ಅಂತ ಮನೆಯಲ್ಲಿ ಹೇಳಿಕೊಳ್ಳಬಹುದು.

ರೈಟ್_ಕಾರ್ನರ್

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಂಬದ_ಡೈವ್

ಥ್ರೋಬಾಲ್ ಅಂತೀರಲ್ಲ, ಅದೂ ಒಂದು ಆಟಾನಾ? ಹಿಡಿ, ಎಸಿ. ಹಿಡಿ, ಎಸಿ.

ಹನ್ನೆರಡನೇ_ಹುಡುಗಿ

ಎರಡೂ ಕೈಯಲ್ಲಿ ಹಿಡಿಯಬೇಕು, ಚೆಂಡು ಕೈಯಲ್ಲಿ ಅಲುಗಿದರೆ ಡಬ್ ಅಂತ ಫೌಲ್. ಹಿಡಿಯುವಾಗ ಕಾಲು ನೆಲದ ಮೇಲಿರಬೇಕು. ಮೂರು ಸೆಕೆಂಡಿನಲ್ಲಿ, ಒಂದೇ ಕೈಯಲ್ಲಿ, ಭುಜದ ಮೇಲಿಂದ ಎಸೆಯಬೇಕು. ನಡುವಿನ ಬಾಕ್ಸ್ ಗೆರೆ ತುಳಿಯುವ ಹಾಗಿಲ್ಲ. ಮೂರು ವರ್ಷ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕಲಿತೆ. ನೀವು ಒಂದು ಸಲ ಆಡಿ ನೋಡಿ, ಆಮೇಲೆ ಹೇಳಿ.

ಸುಮ್ನೆ_ಓದೋನು

ಡೈವ್ ಸರ್ ಕಂಬಕ್ಕೆ ಡಿಕ್ಕಿ ಹೊಡೆದರು.

ಸುಣ್ಣದ_ಗೆರೆ

ಥ್ರೋಬಾಲ್‌ನ ಇನ್ನೊಂದು ಲಾಭ ಹೇಳುತ್ತೇನೆ. ನಿಮ್ಮಲ್ಲಿ ವಾಲಿಬಾಲ್ ನೆಟ್ ಇದ್ದೇ ಇರುತ್ತದೆ. ಮಹಿಳೆಯರ ವಾಲಿಬಾಲ್ ನೆಟ್ ಎತ್ತರ 2.24 ಮೀಟರ್, ಥ್ರೋಬಾಲ್‌ದು 2.20. ನಾಲ್ಕು ಸೆಂಟಿಮೀಟರ್ ಇಳಿಸಿದರೆ ಆಯ್ತು. ಬೇರೆ ಖರ್ಚಿಲ್ಲ. ಮೈ ಕೈಗೆ ಪೆಟ್ಟಾಗುವುದೂ ಕಡಿಮೆ. ಹಾಗಾಗಿ ಮನೆಯವರು ಬೇಗ ಒಪ್ಪುತ್ತಾರೆ.

ವಿಜ್ಞಾನದ_ಮಿಸ್

ಖರ್ಚಿನ ಮಾತು ಬಂತು, ಕೇಳಿಬಿಡುತ್ತೇನೆ. ಕ್ರೀಡಾ ಸಾಮಗ್ರಿಗೆ ಹಣ ಬರುತ್ತದೆ ಅಂತಾರೆ. ನಮ್ಮ ಬೀರುವಿನಲ್ಲಿ ಒಂದು ಪಂಕ್ಚರ್ ಚೆಂಡು, ಎರಡು ಗುಂಡು, ಒಂದು ಹಳೇ ಕೇರಂ ಬೋರ್ಡ್ ಇದೆ. ಗುಂಡು ಮಾತ್ರ ಕೆಡುವುದಿಲ್ಲ ನೋಡಿ.

ಸುಣ್ಣದ_ಗೆರೆ

ಸಮಗ್ರ ಶಿಕ್ಷಣದಲ್ಲಿ ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶ ಇದೆ. ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000. "ವರೆಗೆ" ಅನ್ನುವ ಪದ ಗಮನಿಸಿ. ಬಂದಾಗ ಏನು ಕೊಳ್ಳಬೇಕು ಅಂತ ನಿಮ್ಮ ಹತ್ತಿರ ಪಟ್ಟಿ ಇರಬೇಕು. ಇಲ್ಲದಿದ್ದರೆ ಮತ್ತೆ ಕೇರಂ ಬೋರ್ಡೇ ಬರುತ್ತದೆ. ಮೈದಾನ ಸಮ ಮಾಡಿಸಲು ಪಂಚಾಯಿತಿಗೆ ಹೋಗಿ, ನರೇಗಾದಲ್ಲಿ ಶಾಲಾ ಮೈದಾನದ ಕೆಲಸ ಮಾಡಿಸಿದ ಎಷ್ಟೋ ಶಾಲೆಗಳಿವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ "ನೋಡೋಣ ಮೇಡಂ" ಅಂತಾರೆ.

ರಿಲೇ_ಕೋಲು

ಪಿಇ ಮೇಷ್ಟ್ರ ಹುದ್ದೆ ತುಂಬದೆ ವಿಜ್ಞಾನದವರ ಕೈಗೆ ವಿಸಿಲ್ ಕೊಡುವುದೇ ತಪ್ಪು. ದೈಹಿಕ ಶಿಕ್ಷಕರು ತಮ್ಮ ಬಗ್ಗೆ ಬಂದ ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದರ ಬಗ್ಗೆ ಯಾರೂ ಮಾತಾಡಲ್ಲ.

ಸುಣ್ಣದ_ಗೆರೆ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೇ ಮೊದಲು ಬರೆಯುತ್ತೇನೆ. ಇಲ್ಲಿ ಬೇಡ. ಬಿಪಿ ಏರುತ್ತದೆ.

ರೈಟ್_ಕಾರ್ನರ್

ಸಣ್ಣ ಶಾಲೆಯ ಇನ್ನೊಂದು ನೋವು ಹೇಳಲಾ? ನಮ್ಮ ಶಾಲೆಯಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಹಾಕಿ ಕೋಲು ಕೈಗೆ ಕೊಟ್ಟರೆ ಬೇರೆಯೇ ಮನುಷ್ಯಳು. ಪಿಇ ಸರ್ ತಾವೇ ಫಾರ್ಮ್ ತುಂಬಿ ಕಳಿಸಿದರು. ಕೂಡಿಗೆ ಕ್ರೀಡಾಶಾಲೆಗೆ ಆಯ್ಕೆಯಾಗಿ ಹೋದಳು. ಎಲ್ಲರಿಗೂ ಖುಷಿ. ಮುಂದಿನ ವರ್ಷ ನಮ್ಮ ತಂಡಕ್ಕೆ ಹನ್ನೊಂದು ಜನ ಸಿಗಲಿಲ್ಲ. ಚೆನ್ನಾಗಿ ಕಲಿಸಿದರೆ ಆಟಗಾರ್ತಿಯೇ ಕೈತಪ್ಪಿ ಹೋಗುತ್ತಾಳೆ.

ಸುಣ್ಣದ_ಗೆರೆ

ಹೋಗಲೇಬೇಕು. ಆ ಪಿಇ ಸರ್‌ಗೆ ನಮಸ್ಕಾರ ಹೇಳಿ. ತಂಡ ಒಡೆಯುತ್ತದೆ ಅಂತ ಫಾರ್ಮ್ ಬಚ್ಚಿಟ್ಟವರನ್ನೂ ನಾನು ನೋಡಿದ್ದೇನೆ.

ಬೋನಸ್_ಗೆರೆ

ಫಾರ್ಮ್ ಅಂದ ಕೂಡಲೇ ನೆನಪಾಯ್ತು. 17 ವರ್ಷದೊಳಗಿನವರ ಪಂದ್ಯಕ್ಕೆ ಒಂದು ಸಲ ಎದುರು ತಂಡದಲ್ಲಿ ಒಬ್ಬ ಬಂದಿದ್ದ. ಮೀಸೆ ಬೋಳಿಸಿದ ಜಾಗ ಹಸಿರಾಗಿತ್ತು. ನಮ್ಮ ಮೇಷ್ಟ್ರು ಆಕ್ಷೇಪ ಎತ್ತಿದರು. ಅವರು ಜನನ ಪ್ರಮಾಣಪತ್ರ ತೋರಿಸಿದರು, ಎಲ್ಲಾ ಸರಿ ಇತ್ತು. ನಾವು ಸೋತೆವು. ಮಧ್ಯಾಹ್ನ ಅವನು ಬೈಕಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದ.

ಸುಮ್ನೆ_ಓದೋನು

ಅಕ್ಕ ಇರಬಹುದು.

ಬೋನಸ್_ಗೆರೆ

ಮಗು ಎತ್ತಿಕೊಂಡಿದ್ದರು ಸ್ವಾಮಿ.

ಸುಣ್ಣದ_ಗೆರೆ

ಈಗ ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ) ಇಲ್ಲದೆ ಎಂಟ್ರಿ ಇಲ್ಲ. ಆ ಕಾಟ ಕಡಿಮೆಯಾಗಿದೆ. ಮಿಸ್, ಎಂಟ್ರಿ ಫಾರ್ಮ್‌ನಲ್ಲಿ ಹುಟ್ಟಿದ ದಿನ ಮತ್ತು ದಾಖಲಾತಿ ಪುಸ್ತಕದ ದಿನ ತಾಳೆ ನೋಡಿ. ಒಂದು ಅಂಕಿ ತಪ್ಪಿದರೂ ಅಲ್ಲಿ ಹೋಗಿ ಕಣ್ಣೀರು ಹಾಕಬೇಕಾಗುತ್ತದೆ.

ವಿಜ್ಞಾನದ_ಮಿಸ್ · ಜುಲೈ 11

ಎಲ್ಲರಿಗೂ ಧನ್ಯವಾದ. ಕೊನೆಗೆ ಹೀಗೆ ಮಾಡಿದೆವು. ಹುಡುಗಿಯರ ಕಬಡ್ಡಿ ಈ ವರ್ಷ ಇಲ್ಲ. (ಬೋನಸ್ ಗೆರೆಯವರು ಕ್ಷಮಿಸಬೇಕು.) ಖೋಖೋಗೆ 12 ಜನ, ಥ್ರೋಬಾಲ್‌ಗೆ ಬೇರೆ 12 ಜನ. ಒಬ್ಬಳು ಎರಡರಲ್ಲಿ ಇಲ್ಲ. ಹಳೇ ಒಂಬತ್ತರಲ್ಲಿ ಈಗ ಇರುವ ಎಲ್ಲರೂ ಖೋಖೋ ಆರಿಸಿಕೊಂಡರು. ಥ್ರೋಬಾಲ್‌ಗೆ ಉಳಿದವರು ಬಂದರು. "ಉಳಿದವರು" ಅಂತ ಅವರೇ ತಮ್ಮನ್ನು ಕರೆದುಕೊಂಡರು, ನಾನಲ್ಲ. ಇಬ್ಬರು ಅತ್ತರು. ಒಬ್ಬಳ ಅಮ್ಮ ಶಾಲೆಗೇ ಬಂದು "ನನ್ನ ಮಗಳನ್ನ ಯಾಕೆ ಕಬಡ್ಡಿಯಿಂದ ತೆಗೆದ್ರಿ" ಅಂತ ಕೇಳಿದರು. ಹುಡುಗರಲ್ಲೂ ಅದೇ ನಿಯಮ.

ಅಭ್ಯಾಸ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ, ಕೊನೆಯ ಪಿರಿಯಡ್ ವಾರಕ್ಕೆ ಎರಡು. ಬಸ್ಸಿಗೆ ಬೇರೆ ದಾರಿ ಸಿಗಲಿಲ್ಲ.

ಬೋನಸ್_ಗೆರೆ

ಕ್ಷಮಿಸುವುದಿಲ್ಲ. ಆದರೆ ಫಲಿತಾಂಶ ಬಂದು ಹೇಳಿ.

ಕಂಬದ_ಡೈವ್

ಅಂಕಣ 27×16 ಮೀಟರ್. ಕಂಬದಿಂದ ಕಂಬಕ್ಕೆ 24. ನೆಲದಿಂದ ಮೇಲೆ ಕಂಬ 120 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಮಳೆಗಾಲ, ಕಂಬ ಅಲ್ಲಾಡದ ಹಾಗೆ ಆಳವಾಗಿ ಹೂಳಿ. ಅಲ್ಲಾಡುವ ಕಂಬ ಹಿಡಿದು ತಿರುಗಲು ಹೋದರೆ ಮಂಡಿ ಹೋಗುತ್ತದೆ. ತುದಿ ನಯವಾಗಿ ಉಜ್ಜಿಸಿ.

ವಿಜ್ಞಾನದ_ಮಿಸ್ · ಆಗಸ್ಟ್ 14

ನಿನ್ನೆ ವಲಯ ಕ್ರೀಡಾಕೂಟ ಮುಗಿಯಿತು. ಗಂಟಲು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಖೋಖೋ: ಮೊದಲ ಪಂದ್ಯ ಗೆದ್ದೆವು. ಸೆಮಿಫೈನಲ್‌ನಲ್ಲಿ ಒಂದು ವಸತಿ ಶಾಲೆ ಸಿಕ್ಕಿತು. ಆ ಮಕ್ಕಳು ಅಲ್ಲೇ ಇರುತ್ತಾರೆ, ಬೆಳಿಗ್ಗೆ ಸಂಜೆ ಆಡುತ್ತಾರೆ. ಒಂದೇ ಪಾಯಿಂಟಿನಲ್ಲಿ ಸೋತೆವು. ಕೊನೆಯ ನಿಮಿಷದಲ್ಲಿ ನಮ್ಮವಳು ರನ್ನರ್‌ನ ಮುಟ್ಟಿಯೇ ಬಿಟ್ಟಳು, ಇಡೀ ಶಾಲೆ ಎದ್ದು ಕುಣಿಯಿತು. ಆದರೆ ಮುಟ್ಟುವ ಮೊದಲು ಅವಳ ಕಾಲು ನಡುಗೆರೆ ದಾಟಿತ್ತು. ಅಂಪೈರ್ ಔಟ್ ಕೊಡಲಿಲ್ಲ. ಸರಿಯಾಗೇ ಕೊಡಲಿಲ್ಲ, ನಾನೂ ನೋಡಿದೆ. ಹೆಡ್‌ಮಾಸ್ಟರಿಗೆ ಮಾತ್ರ ಇನ್ನೂ ಒಪ್ಪಿಗೆ ಇಲ್ಲ.

ಹುಡುಗರ ಕಬಡ್ಡಿ, ವಾಲಿಬಾಲ್: ಎರಡೂ ಮೊದಲ ಸುತ್ತು. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ.

ಥ್ರೋಬಾಲ್: ಗೆದ್ದೆವು. ಫೈನಲ್. ಕಪ್. ತಾಲ್ಲೂಕಿಗೆ ಹೋಗುತ್ತಿದ್ದೇವೆ. "ಉಳಿದವರು."

ಸುಮ್ನೆ_ಓದೋನು

ಏನ್ರೀ ಇದು!!!

ಹನ್ನೆರಡನೇ_ಹುಡುಗಿ

ನಾನು ಆಫೀಸಿನಲ್ಲಿ ಕೂತು ಇದನ್ನು ಮೂರು ಸಲ ಓದಿದೆ.

ಬೋನಸ್_ಗೆರೆ

ಖುಷಿಯಾಯ್ತು ಮಿಸ್. ಆದರೂ ಕೇಳುತ್ತೇನೆ, ಥ್ರೋಬಾಲ್‌ಗೆ ಎಷ್ಟು ತಂಡ ಬಂದಿದ್ದವು?

ವಿಜ್ಞಾನದ_ಮಿಸ್

ಐದು.

ಬೋನಸ್_ಗೆರೆ

ಅದೇ ಅಂದುಕೊಂಡೆ. ಕಬಡ್ಡಿಗೆ ಹದಿನಾಲ್ಕು ಬಂದಿರುತ್ತವೆ.

ರೈಟ್_ಕಾರ್ನರ್

ಅದಕ್ಕೇ ತಾನೇ ಸಣ್ಣ ಶಾಲೆ ಅದನ್ನು ಆರಿಸಬೇಕು? ಎಲ್ಲರೂ ಸಾಲಿನಲ್ಲಿ ನಿಂತ ಕಡೆ ಹೋಗಿ ನಾವೂ ಯಾಕೆ ನಿಲ್ಲಬೇಕು?

ಕಂಬದ_ಡೈವ್

ಒಂದು ಪಾಯಿಂಟ್. ಒಂದೇ ಒಂದು ಪಾಯಿಂಟ್. ವಸತಿ ಶಾಲೆಯ ಮೇಲೆ. ಐದು ವಾರದ ಅಭ್ಯಾಸದಲ್ಲಿ. ಇದನ್ನು ಯಾರೂ ಹೊಗಳುತ್ತಿಲ್ಲವಲ್ಲ! ಮುಂದಿನ ವರ್ಷ ಇದೇ ತಂಡ ಗೆಲ್ಲುತ್ತದೆ, ಬರೆದಿಟ್ಟುಕೊಳ್ಳಿ. ಖೋಖೋದಲ್ಲಿ ಎಂಟನೇ ಕ್ಲಾಸಿನವರು ಎಷ್ಟು ಜನ?

ವಿಜ್ಞಾನದ_ಮಿಸ್

ನಾಲ್ಕು. ಗೆರೆ ದಾಟಿದವಳೂ ಎಂಟನೇ ಕ್ಲಾಸೇ. ಇವತ್ತು ಶಾಲೆಗೆ ಬಂದಿಲ್ಲ.

ಸುಣ್ಣದ_ಗೆರೆ

ಅವಳ ಮನೆಗೆ ಹೋಗಿ ಬನ್ನಿ. ಇವತ್ತೇ. ಸಂಜೆಯೊಳಗೆ.

ಹತ್ತನೇ_ಕ್ಲಾಸಿನ_ಅಪ್ಪ

ನನ್ನ ಮಗಳ ಶಾಲೆಯಲ್ಲೂ ಈ ಒಬ್ಬಳಿಗೆ ಒಂದೇ ತಂಡ ನಿಯಮ ತರಲು ಹೇಳಿದ್ದೇನೆ. ಆಟದ ಪ್ರೀತಿಯಿಂದಲ್ಲ. ಮೂರು ತಂಡದ ಅಭ್ಯಾಸ ಒಂದಕ್ಕೆ ಇಳಿಯುತ್ತದೆ, ಅದಕ್ಕೆ.

ವಿಜ್ಞಾನದ_ಮಿಸ್

ಈಗ ಹೊಸ ತಲೆನೋವು. ತಾಲ್ಲೂಕಿಗೆ ಥ್ರೋಬಾಲ್ ಹೋಗುತ್ತಿದೆ ಅಂದ ಕೂಡಲೇ ಖೋಖೋದ ಮೂವರು ಬಂದು "ನಮ್ಮನ್ನೂ ಸೇರಿಸಿಕೊಳ್ಳಿ ಮಿಸ್, ನಾವು ಇನ್ನೂ ಚೆನ್ನಾಗಿ ಆಡ್ತೀವಿ" ಅಂತಿದ್ದಾರೆ. ನಿಜವಾಗಿಯೂ ಚೆನ್ನಾಗಿ ಆಡುತ್ತಾರೆ. ಹೆಡ್‌ಮಾಸ್ಟರು "ಸೇರಿಸಿಬಿಡಿ, ಶಾಲೆಗೆ ಹೆಸರು" ಅಂತಾರೆ.

ಬೋನಸ್_ಗೆರೆ

ಸೇರಿಸಿ. ಗೆಲ್ಲಬೇಕು ತಾನೇ.

ರೈಟ್_ಕಾರ್ನರ್

ಸೇರಿಸಬೇಡಿ.

ಸುಣ್ಣದ_ಗೆರೆ

ವಲಯದಲ್ಲಿ ಕೊಟ್ಟ ಪಟ್ಟಿಯೇ ಮುಂದೆ ಹೋಗುವುದು ಅಂತ ಹೆಡ್‌ಮಾಸ್ಟರಿಗೆ ಹೇಳಿ. ನಿಮ್ಮ ತಾಲ್ಲೂಕಿನಲ್ಲಿ ಬದಲಾವಣೆಗೆ ಬಿಡುತ್ತಾರೋ ಇಲ್ಲವೋ, ಅವರು ಫೋನ್ ಮಾಡಿ ಕೇಳಿಕೊಳ್ಳುವುದಿಲ್ಲ.

ಹನ್ನೆರಡನೇ_ಹುಡುಗಿ

ಮಿಸ್, ಒಂದು ಪ್ರಶ್ನೆ. ಪಟ್ಟಿಯ ಹನ್ನೆರಡನೇ ಹುಡುಗಿಯನ್ನು ಇಳಿಸಿದಿರಾ?

ವಿಜ್ಞಾನದ_ಮಿಸ್

ಇಳಿಸಿದೆ. ಫೈನಲ್ ಎರಡನೇ ಸೆಟ್, ನಾವು 11–6ರಲ್ಲಿ ಮುಂದಿದ್ದೆವು. ಮೊದಲ ಸರ್ವೀಸೇ ನೆಟ್‌ಗೆ ಹೊಡೆದಳು.

ಹನ್ನೆರಡನೇ_ಹುಡುಗಿ

ನಾನಾಗಿದ್ದರೂ ನೆಟ್‌ಗೇ ಹೊಡೆಯುತ್ತಿದ್ದೆ.

ಸುಣ್ಣದ_ಗೆರೆ

ನೆಟ್‌ಗೆ ಬೀಳುತ್ತಿದೆ ಅಂದರೆ ಎಸೆಯುವಾಗ ಮೊಣಕೈ ಕೆಳಗಿಳಿಯುತ್ತಿದೆ. ಗೋಡೆಯ ಮೇಲೆ 2.20ಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ದಿನಾ ಐವತ್ತು ಸಲ ಅದರ ಮೇಲಕ್ಕೆ ಎಸೆಯಲಿ. ತಾಲ್ಲೂಕಿಗೆ ಎಷ್ಟು ದಿನ ಇದೆ?